ಗುಲಾಬಿ ರಿಬ್ಬನ್ ಇರಲಿ, ಮೊದಲು ಒಂದು ಹತ್ತಿ ಬ್ರಾ ಕೊಡಿ

ಅಕ್ಟೋಬರ್ ಬಂತು ಅಂದ್ರೆ ನಮ್ಮ ಟೆಕ್ ಪಾರ್ಕಿಗೆ ಗುಲಾಬಿ ಜ್ವರ ಬರುತ್ತೆ. ಲಾಬಿಯ ದೀಪ ಗುಲಾಬಿ, ಕೆಫೆಟೇರಿಯಾದ ಕಪ್‌ಕೇಕ್ ಗುಲಾಬಿ, ಐಡಿ ಕಾರ್ಡಿನ ದಾರಕ್ಕೊಂದು ಗುಲಾಬಿ ರಿಬ್ಬನ್. ಎಚ್.ಆರ್.ನವರ ಮೇಲ್ ಬರುತ್ತೆ: ಶನಿವಾರ ಬೆಳಿಗ್ಗೆ 5 ಕಿಲೋಮೀಟರ್ ನಡಿಗೆ, ಟೀ ಶರ್ಟ್ ಉಚಿತ. ವೇದಿಕೆ ಮೇಲೆ ಡಾಕ್ಟರೊಬ್ಬರು ನಿಂತು ‘ಬೇಗ ಪತ್ತೆ ಹಚ್ಚಿ’ ಅಂತಾರೆ. ಒಳ್ಳೇದೇ. ಪತ್ತೆ ಹಚ್ಚಬೇಡಿ ಅಂದವರು ಯಾರು? ನನ್ನ ತಕರಾರು ಅದರ ಮುಂದಿನದು. ಪತ್ತೆಯಾಯ್ತು, ಆಪರೇಷನ್ನೂ ಆಯ್ತು, ಹೆಂಗಸು ಮನೆಗೆ ಬಂದಳು. ಮಾರನೇ ದಿನ ಬೆಳಿಗ್ಗೆ ಅವಳು ಎದೆಗೆ ಏನು ಹಾಕ್ಕೋಬೇಕು?

ಈ ಪ್ರಶ್ನೆಗೆ ಆ ವೇದಿಕೆಯಿಂದ ಇಷ್ಟು ವರ್ಷದಲ್ಲಿ ಒಂದು ಸಲವೂ ಉತ್ತರ ಬಂದಿದ್ದು ನಾನು ಕೇಳಿಲ್ಲ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಹೊಸದಾಗಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಇದು ಬಂದಿದೆ. ಇವರಲ್ಲಿ ಆಪರೇಷನ್ ಆದ ಪ್ರತಿಯೊಬ್ಬರೂ ಆಸ್ಪತ್ರೆಯ ನೀಲಿ ಗೌನು ಬಿಚ್ಚಿಟ್ಟು ಯಾವುದೋ ಒಂದು ಬಟ್ಟೆ ಹಾಕ್ಕೊಂಡೇ ಮನೆಗೆ ಹೋಗಿರ್ತಾರೆ. ಆ ಬಟ್ಟೆ ಯಾವುದು ಅನ್ನೋದನ್ನ ನಾವು ಅವರ ಅದೃಷ್ಟಕ್ಕೆ ಬಿಟ್ಟುಬಿಟ್ಟಿದ್ದೀವಿ.

ಸ್ವಲ್ಪ ಹೋಲಿಸಿ ನೋಡಿ. ಸೊಂಟ ನೋವು ಅಂತ ಮೂಳೆ ಡಾಕ್ಟರ ಹತ್ತಿರ ಹೋದರೆ ಅವರು ಚೀಟಿಯಲ್ಲಿ ಬೆಲ್ಟು ಬರೀತಾರೆ. ಕೆಳಗಿನ ಮೆಡಿಕಲ್ ಶಾಪಿನ ಹುಡುಗ ಟೇಪು ಹಿಡಿದು ಸೊಂಟ ಅಳೆದು ಮೀಡಿಯಮ್ಮೋ ಲಾರ್ಜೋ ಕೊಡ್ತಾನೆ. ಕಾಲಿನ ನರ ಉಬ್ಬಿದವರಿಗೆ ಸ್ಟಾಕಿಂಗ್ಸ್ ಕೊಡುವಾಗ ಮೀನಖಂಡ ಎಷ್ಟು, ತೊಡೆ ಎಷ್ಟು ಅಂತ ಅಳತೆ ಬರೆದುಕೊಳ್ತಾರೆ. ಬೈಪಾಸ್ ಆದವರಿಗೆ ಎದೆಗೆ ಕಟ್ಟುವ ಬೆಲ್ಟು, ಮಂಡಿ ಬದಲಿಸಿಕೊಂಡವರಿಗೆ ವಾಕರ್ರು. ಇನ್ನೂ ಮಜಾ ಬೇಕಾ? ಗಂಡಸರ ಎದೆ ಹೆಂಗಸರದ್ದರ ಥರ ಉಬ್ಬುವ ತೊಂದರೆ ಇದೆಯಲ್ಲ, ಗೈನೆಕೊಮಾಸ್ಟಿಯಾ ಅಂತಾರೆ, ಅದಕ್ಕೆ ಆಪರೇಷನ್ ಮಾಡಿಸಿಕೊಂಡ ಹುಡುಗರಿಗೆ ಒಂದು ಬಿಗಿ ಬನಿಯನ್ ಕೊಡ್ತಾರೆ. ಕಂಪ್ರೆಷನ್ ವೆಸ್ಟ್ ಅಂತ ಅದರ ಹೆಸರು. ಎಷ್ಟು ವಾರ ಹಾಕಬೇಕು, ರಾತ್ರಿ ತೆಗೀಬಹುದಾ, ಎಲ್ಲ ಹೇಳಿ ಕಳಿಸ್ತಾರೆ. ಹಲವು ಕಡೆ ಅದು ಪ್ಯಾಕೇಜಿನಲ್ಲೇ ಸೇರಿರುತ್ತೆ.

ಅದೇ ಜಾಗ, ಅದೇ ಚರ್ಮ, ಅದೇ ಹೊಲಿಗೆ. ಹೆಂಗಸಿನದ್ದು ಅಂದ ಕೂಡಲೇ ಅದು ವೈದ್ಯಕೀಯ ಸಾಮಾನು ಆಗೋದು ನಿಂತು ‘ಒಳಉಡುಪು’ ಆಗಿಬಿಡುತ್ತೆ. ಒಳಉಡುಪಿನ ವಿಷಯ ಯಾರು ಮಾತಾಡ್ತಾರೆ? ಡಾಕ್ಟರು ನರ್ಸ್ ಹೇಳಲಿ ಅಂತಾರೆ, ನರ್ಸು ಮನೆಯವರು ನೋಡ್ಕೋತಾರೆ ಅಂತಾರೆ, ಮನೆಯವರಲ್ಲಿ ಗಂಡಸರು ಹೊರಗಡೆ ಕಾರಿಡಾರಿನಲ್ಲಿ ಫೋನ್ ನೋಡ್ತಾ ನಿಂತಿರ್ತಾರೆ.

ನನ್ನ ದೊಡ್ಡಮ್ಮನಿಗೆ ಎಡಗಡೆ ಪೂರ್ತಿ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ತಿಪಟೂರಿನ ಕಡೆಯ ಹಳ್ಳಿಯವಳು, ಬೆಂಗಳೂರಿನ ದೊಡ್ಡ ಆಸ್ಪತ್ರೆ. ಆಪರೇಷನ್ ಮಾಡಿದವರ ಕೈಗುಣಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಡಿಸ್ಚಾರ್ಜ್ ಶೀಟು 4 ಪುಟ ಇತ್ತು. ಊಟಕ್ಕೆ ಮುಂಚಿನ ಮಾತ್ರೆ, ಊಟ ಆದ ಮೇಲಿನ ಮಾತ್ರೆ, ಡ್ರೆಸ್ಸಿಂಗ್ ಯಾವತ್ತು, ಜ್ವರ ಬಂದರೆ ಯಾವ ನಂಬರ್, ಎಲ್ಲ ಇತ್ತು. ಎದೆಗೆ ಏನು ಹಾಕಬೇಕು ಅನ್ನೋದು ಇರಲಿಲ್ಲ. ಕೇಳಿದ್ದಕ್ಕೆ ಡ್ಯೂಟಿ ಡಾಕ್ಟರು ಕಂಪ್ಯೂಟರಿನಿಂದ ಕಣ್ಣೆತ್ತದೆ ‘ನಾರ್ಮಲ್ ಸಪೋರ್ಟಿವ್ ಬ್ರಾ ಹಾಕಿಸಿ’ ಅಂದರು. ದೊಡ್ಡಮ್ಮ 62 ವರ್ಷದಲ್ಲಿ ಒಂದು ದಿನವೂ ಬ್ರಾ ಹಾಕಿದವಳಲ್ಲ. ನಮ್ಮ ಕಡೆ ಅದನ್ನ ‘ಬಾಡಿ’ ಅಂತಾರೆ, ಅದು ಕಾಲೇಜಿಗೆ ಹೋಗೋ ಹುಡುಗೀರ ಸಾಮಾನು ಅನ್ನೋದು ಅವಳ ಲೆಕ್ಕ. “ಅಯ್ಯೋ, ಈ ವಯಸ್ನಲ್ಲಿ ನಂಗ್ಯಾಕವ್ವ ಬಾಡಿ? ಇದ್ದಿದ್ನೇ ತೆಗ್ದವ್ರೆ” ಅಂದಳು. ನರ್ಸ್ ನಕ್ಕರು, ನಾನೂ ನಕ್ಕೆ.

ಆದರೆ ಆ ವಾಕ್ಯವನ್ನ ಇನ್ನೊಂದು ಸಲ ಓದಿ. ನಾರ್ಮಲ್ ಅಂದ್ರೆ ಯಾವುದು? ಸಪೋರ್ಟು ಅಂದ್ರೆ ಯಾವುದಕ್ಕೆ, ಇರುವ ಬಲಗಡೆಗಾ, ಇಲ್ಲದ ಎಡಗಡೆಗಾ? ನಮ್ಮ ಕೆಲಸದಲ್ಲಿ ಯಾರಾದರೂ ಇಂಥ ರಿಕ್ವೈರ್‌ಮೆಂಟ್ ಬರೆದು ಕಳಿಸಿದರೆ ಟಿಕೆಟ್ಟನ್ನ ಹಾಗೇ ವಾಪಸ್ ತಳ್ತೀವಿ. ಇಲ್ಲಿ ಗಾಯ ಇಟ್ಟುಕೊಂಡಿರೋ ಹೆಂಗಸಿನ ಕೈಗೆ ಕೊಟ್ಟು ‘ನೆಕ್ಸ್ಟ್’ ಅಂತೀವಿ.

ಸರಿ, ಏನು ಬೇಕು ಅಂತ ನಾನೇ ಹೇಳ್ತೀನಿ. ಇದು ರಾಕೆಟ್ ವಿಜ್ಞಾನ ಏನಲ್ಲ. ಮೊದಲು ಕೈ ನೋಡಿ. ಕಂಕುಳಲ್ಲಿ ಕತ್ತರಿ ಆಡಿದ ಮೇಲೆ ಆ ಕಡೆಯ ಕೈ ಕೆಲವು ವಾರ ಸರಾಗವಾಗಿ ಮೇಲಕ್ಕೇಳಲ್ಲ, ಬೆನ್ನ ಹಿಂದಕ್ಕೂ ಹೋಗಲ್ಲ. ಹಿಂದೆ ಹುಕ್ಕಿರುವ ಬ್ರಾ ಅವಳಾಗೇ ಹಾಕ್ಕೊಳ್ಳಲಾರಳು. ತಲೆ ಮೇಲಿಂದ ಎಳೆದುಕೊಳ್ಳುವ ಸ್ಪೋರ್ಟ್ಸ್ ಬ್ರಾ ಅಂತೂ ಶಿಕ್ಷೆ. ಆದರೂ ಗೊತ್ತಿದ್ದವರು, ಗೊತ್ತಿಲ್ಲದವರು, ಜಿಮ್ಮಿಗೆ ಹೋಗುವವರು, ಎಲ್ಲರೂ ಕೊಡುವ ಮೊದಲ ಸಲಹೆ ಅದೇ. ಮುಂದೆ ತೆರೆಯುವಂಥದ್ದು ಬೇಕು ಕಣ್ರೀ. ಹುಕ್ಕೋ ಜಿಪ್ಪೋ ಪ್ರೆಸ್ ಬಟನ್ನೋ, ಮುಂದೆ ಇರಲಿ. ಒಂದು ಕೈಯಲ್ಲಿ ಹಾಕೋಕೆ ಬರಲಿ. ಬಚ್ಚಲಲ್ಲಿ ಸೊಸೆಯನ್ನೋ ಮಗಳನ್ನೋ ಕರೆಯದೆ ಬಟ್ಟೆ ಹಾಕ್ಕೊಂಡು ಬರೋದು ಆ ದಿನಗಳಲ್ಲಿ ಎಷ್ಟು ದೊಡ್ಡ ವಿಷಯ ಅನ್ನೋದು ಕರೆಸಿಕೊಂಡವರಿಗೆ ಗೊತ್ತು.

ಆಮೇಲೆ ತಂತಿ. ಕಪ್ಪಿನ ಕೆಳಗೆ ಬಿಲ್ಲಿನ ಥರ ಕೂತಿರುತ್ತಲ್ಲ, ಆ ಅಂಡರ್‌ವೈರ್ ಬೇಡವೇ ಬೇಡ. ಬಾವು ಇರುವ ಜಾಗವನ್ನ, ಹೊಸ ಹೊಲಿಗೆಯನ್ನ ಅದು ಒತ್ತುತ್ತೆ. ಇಲ್ಲಿ ಯಾರೂ ಹೇಳದ ಒಂದು ಸೂಕ್ಷ್ಮ ಇದೆ. ಆಪರೇಷನ್ ಆದ ಮೇಲೆ ಎದೆಯ ಚರ್ಮ, ಕಂಕುಳು, ತೋಳಿನ ಒಳಭಾಗ ಎಷ್ಟೋ ಜನಕ್ಕೆ ಮರಗಟ್ಟಿರುತ್ತೆ. ಮರಗಟ್ಟಿದ ಕಡೆ ತಂತಿ ಒತ್ತಿದ್ದು ಗೊತ್ತೇ ಆಗಲ್ಲ. ಸಂಜೆ ಬಿಚ್ಚಿದಾಗ ಕೆಂಪು ಗೆರೆ ನೋಡಿ ಗೊತ್ತಾಗಬೇಕು. ಹಾಗಾಗಿ ‘ನೋವಾದ್ರೆ ತೆಗೀರಿ’ ಅನ್ನುವ ಸಲಹೆ ಇವರಿಗೆ ಕೆಲಸಕ್ಕೆ ಬರಲ್ಲ. ಮೊದಲೇ ಒತ್ತದಂಥದ್ದು ಕೊಡಬೇಕು. ಭುಜದ ಪಟ್ಟಿ ಅಗಲ ಇರಬೇಕು, ಯಾಕಂದ್ರೆ ಕಂಕುಳಿನ ಗಂಟು ತೆಗೆದವರಿಗೆ ಆ ಕೈ ಬಾವು ಬರುವ ಅಪಾಯ ಬಹಳ ವರ್ಷ ಇರುತ್ತೆ, ದಾರದಂಥ ಪಟ್ಟಿ ಭುಜಕ್ಕೆ ಕೊರೆದು ಕೂರಬಾರದು. ಕೆಳಗಿನ ಪಟ್ಟಿಯೂ ಅಗಲ, ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಂಕುಳ ಕಡೆ ಬಟ್ಟೆ ಎತ್ತರ ಇದ್ದರೆ ಗಾಯಕ್ಕೆ ಅಂಚು ಉಜ್ಜಲ್ಲ. ಬಟ್ಟೆ ಹತ್ತಿಯದು, ಒಳಗಡೆ ಲೇಸು, ದಪ್ಪ ಹೊಲಿಗೆ ಇಲ್ಲದ್ದು. ಲೇಬಲ್ ಇದ್ದರೆ ಕತ್ತರಿಸಿ ಎಸೀರಿ.

ಇಷ್ಟು ಹೇಳಿದ ಮೇಲೂ ಎಲ್ಲರಿಗೂ ಒಂದೇ ಅಲ್ಲ, ಅದಕ್ಕೇ ಡಾಕ್ಟರೇ ಬರೀಬೇಕು ಅಂತ ನಾನು ಹಟ ಹಿಡಿದಿರೋದು. ಗಂಟು ಮಾತ್ರ ತೆಗೆದು ಸ್ತನ ಉಳಿಸಿದವರಿಗೆ ಅಲುಗಾಡಿದರೆ ನೋವು, ಅವರಿಗೆ ರಾತ್ರಿಯೂ ಮೆತ್ತನೆಯ ಆಸರೆ ಇದ್ದರೆ ನಿದ್ದೆ ಬರುತ್ತೆ. ಪೂರ್ತಿ ತೆಗೆದವರಿಗೆ ಮೊದಲ ದಿನಗಳಲ್ಲಿ ಸಡಿಲ ಬಟ್ಟೆಯೇ ಹಿತ. ಗಾತ್ರ ಕಡಿಮೆ ಮಾಡಿಸಿಕೊಂಡವರಿಗೆ ಬಿಗಿಯಾದದ್ದನ್ನೇ ವಾರಗಟ್ಟಲೆ ಹಗಲೂ ರಾತ್ರಿ ಹಾಕಿ ಅಂತಾರೆ. ಹೊಟ್ಟೆಯದೋ ಬೆನ್ನಿನದೋ ಮಾಂಸ ತಂದು ಹೊಸದಾಗಿ ಕಟ್ಟಿದವರಿಗೆ, ಅದರ ರಕ್ತಸಂಚಾರಕ್ಕೆ ಅಡ್ಡಿಯಾಗಬಾರದು ಅಂತ, ಬಿಗಿಯಾದದ್ದು ಬೇಡ ಅಂತಲೂ ಹೇಳಬಹುದು. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ತೊಂದರೆ. ಇದನ್ನ ಪಕ್ಕದ ಬೆಡ್ಡಿನ ಆಂಟಿ ಹೇಗೆ ಹೇಳ್ತಾರೆ?

ಡ್ರೈನಿನ ಕಥೆ ಬೇರೆ. ಗಾಯದೊಳಗಿನ ನೀರು ಇಳಿಯೋಕೆ ಒಂದು ಪೈಪು, ಅದರ ತುದಿಗೆ ಒಂದು ಪ್ಲಾಸ್ಟಿಕ್ ಡಬ್ಬಿ. ದಿನಕ್ಕೆ ಸುಮಾರು 30 ಎಂ.ಎಲ್.ಗಿಂತ ಕಡಿಮೆ ಬರುವ ತನಕ ಸಾಮಾನ್ಯವಾಗಿ ಅದನ್ನ ತೆಗೆಯಲ್ಲ, ಒಂದೆರಡು ವಾರ ಅದರ ಜೊತೆಗೇ ಬಾಳ್ವೆ. ಡಬ್ಬಿ ಜೋತಾಡಿದರೆ ಪೈಪು ಬಂದ ಜಾಗದ ಹೊಲಿಗೆ ಜಗ್ಗುತ್ತೆ. ಬೇರೆ ದೇಶಗಳಲ್ಲಿ ಇದಕ್ಕೆಂದೇ ಜೇಬಿರುವ ಬನಿಯನ್ ಸಿಗುತ್ತೆ. ನಮ್ಮಲ್ಲಿ ಸೇಫ್ಟಿ ಪಿನ್ನು. ದೊಡ್ಡಮ್ಮ ಎರಡು ದಿನ ಪಿನ್ನಿನ ಜೊತೆ ಒದ್ದಾಡಿ, ಮೂರನೇ ದಿನ ತನ್ನ ಎಲೆಅಡಿಕೆ ಸಂಚಿ ಖಾಲಿ ಮಾಡಿಸಿ, ಬಿಸಿನೀರಲ್ಲಿ ಒಗೆಸಿ, ಬಿಸಿಲಿಗೆ ಒಣಗಿಸಿ, ಅದರಲ್ಲಿ ಡಬ್ಬಿ ಇಟ್ಟು ದಾರವನ್ನ ಕೊರಳಿಗೆ ಹಾಕ್ಕೊಂಡಳು. ಡ್ರೆಸ್ಸಿಂಗಿಗೆ ಹೋದಾಗ ನರ್ಸು ಅದನ್ನ ನೋಡಿ ಫೋಟೋ ತಗೊಂಡರು. ಫೋಟೋ ತಗೊಂಡಿದ್ದು ಸಂತೋಷ, ಅಂಥದ್ದೊಂದು ಬಟ್ಟೆಯ ಚೀಲ ಹೊಲಿಸಿ ಎಲ್ಲರಿಗೂ ಕೊಡೋಕೆ ಆಸ್ಪತ್ರೆಗೆ ಎಷ್ಟು ಖರ್ಚಾಗುತ್ತೆ ಅಂತಲೂ ಯಾರಾದರೂ ಲೆಕ್ಕ ಹಾಕಿದ್ದರೆ ಇನ್ನೂ ಸಂತೋಷವಾಗ್ತಿತ್ತು.

ಬ್ರಾ ವಿಷಯಕ್ಕೂ ಕೊನೆಗೆ ಉತ್ತರ ಸಿಕ್ಕಿದ್ದು ಊರಲ್ಲೇ. ನಮ್ಮ ಅಜ್ಜಿಯರ ಕಾಲದ ರವಿಕೆ ನೆನಪಿದೆಯಾ? ಹತ್ತಿ ಬಟ್ಟೆ, ಮುಂದೆ ಗಂಟು, ಬೇಕಾದಷ್ಟು ಸಡಿಲ ಮಾಡ್ಕೋಬಹುದು. ಸರ್ಜನ್ ಬಾಯಲ್ಲಿ ಬರಬೇಕಾಗಿದ್ದ ರಿಕ್ವೈರ್‌ಮೆಂಟಿನ ಮುಕ್ಕಾಲು ಪಾಲು ಅದರಲ್ಲೇ ಇತ್ತು. ಊರಿನ ಹೊಲಿಗೆ ಅಕ್ಕನಿಗೆ ವಿಷಯ ಬಿಡಿಸಿ ಹೇಳಿದೆವು. ಅವರು ಒಂದು ಮಾತಿಗೂ ಮುಜುಗರ ಪಡಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಹುಕ್ಕಿನ ಜಾಗಕ್ಕೆ ದೊಡ್ಡ ಪ್ರೆಸ್ ಬಟನ್ ಹಾಕಿ, ಒಗೆದೊಗೆದು ಮೆತ್ತಗಾದ ಹಳೇ ಪಂಚೆಯ ಬಟ್ಟೆಯನ್ನ ಒಳಗಡೆ ಕೊಟ್ಟು, ಎಡಗಡೆ ಹತ್ತಿ ಇಡೋಕೆ ಒಂದು ಜೇಬು ಹೊಲಿದರು. “ಬಲಗೈ ಒಂದ್ರಲ್ಲೇ ಹಾಕ್ಕಂಡು ತೋರ್ಸು ದೊಡ್ಡವ್ವ” ಅಂತ ಪರೀಕ್ಷೆ ಮಾಡಿದರು. ಬೆಂಗಳೂರಿನ ಯಾವ ಕೌಂಟರಿನಲ್ಲೂ ನಡೆಯದ ಯೂಸರ್ ಟೆಸ್ಟಿಂಗ್ ಅದು.

ಇದನ್ನ ಓದಿ ‘ಹಳ್ಳಿಯೇ ಚೆನ್ನ’ ಅಂತ ಕಣ್ಣು ಒದ್ದೆ ಮಾಡ್ಕೋಬೇಡಿ. ಆ ರವಿಕೆಯ ಅಕ್ಕ ಸಿಗದೇ ಇದ್ದಿದ್ದರೆ? ಒಬ್ಬರ ಒಳ್ಳೆಯತನದಿಂದ ಆಗಿದ್ದನ್ನ ವ್ಯವಸ್ಥೆ ಅಂತ ಕರೆಯೋಕಾಗಲ್ಲ. ಹಾಗೆ ನೋಡಿದರೆ ಊರಲ್ಲೂ ಒಗೆದ ಮೇಲೆ ಆ ಬಟ್ಟೆಯನ್ನ ಲಂಗದ ಅಡಿಗೆ, ಟವೆಲ್ಲಿನ ಅಡಿಗೆ ಬಚ್ಚಿಟ್ಟೇ ಒಣಗಿಸೋದು. ನಿಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೂ ಹಾಗೇ ತಾನೆ? ಗಾಯದ ಮೇಲೆ ಹಾಕುವ ಬಟ್ಟೆ, ಅರೆಬರೆ ಒಣಗಿ ಮುಗ್ಗಲು ವಾಸನೆ ಬಂದರೂ ಪರವಾಗಿಲ್ಲ, ಗಂಡಸರ ಕಣ್ಣಿಗೆ ಬೀಳಬಾರದು. ಇದಕ್ಕಿಂತ ದೊಡ್ಡ ತಮಾಷೆ ಇದೆಯಾ?

ಪೇಟೆಯ ಕಥೆಗೆ ಬರ್ತೀನಿ. ನನ್ನ ಟೀಮಿನ ಒಬ್ಬ ಗೆಳತಿ, ಇನ್ನೂ 40 ದಾಟಿಲ್ಲ, ಗಂಟು ತೆಗೆಸಿಕೊಂಡ ಮೂರನೇ ವಾರ ಅವಳ ಜೊತೆ ನಾನು ಒಂದು ಹೆಸರುವಾಸಿ ಒಳಉಡುಪಿನ ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ಬಣ್ಣ. ಪ್ಯಾಡೆಡ್ ಇದೆ, ಪುಷ್ ಅಪ್ ಇದೆ, ಬೆನ್ನು ಕಾಣುವ ಬ್ಲೌಸಿಗೆ ಬೇಕಾದದ್ದು ಇದೆ. ಮುಂದೆ ತೆರೆಯುವ, ತಂತಿ ಇಲ್ಲದ, ಅಗಲ ಪಟ್ಟಿಯ ಹತ್ತಿಯದ್ದು ಕೇಳಿದರೆ “ಅದು ವಯಸ್ಸಾದವರದ್ದು ಮೇಡಂ, ಸ್ಟಾಕ್ ಇಡಲ್ಲ” ಅಂದಳು ಸೇಲ್ಸ್ ಹುಡುಗಿ. ಅವಳ ತಪ್ಪಲ್ಲ, ಅವಳಿಗೆ ಕಲಿಸಿರೋದು ಅಷ್ಟೇ. ಒಂದು ಮೂಲೆಯಲ್ಲಿ ಒಂದೇ ಒಂದು ಸಿಕ್ಕಿತು. ಹಾಕಿ ನೋಡಬಹುದಾ ಅಂದ್ರೆ ಟ್ರಯಲ್ ಇಲ್ಲ. ಸರಿಯಾಗದಿದ್ದರೆ ವಾಪಸ್ ತಗೊಳ್ತೀರಾ ಅಂದ್ರೆ ಅದೂ ಇಲ್ಲ, ಹೈಜೀನ್. ಸ್ವಾಮಿ, ಬಾವು ಇಳೀತಾ ಇರುವ ಎದೆಗೆ ಹೋದ ತಿಂಗಳ ಸೈಜೂ ಆಗಲ್ಲ, ಬರೋ ತಿಂಗಳ ಸೈಜು ಯಾರಿಗೂ ಗೊತ್ತಿರಲ್ಲ. ಹಾಕಿ ನೋಡದೆ ಅವಳು ಏನು ಕೊಳ್ಳಬೇಕು? (ಇಂಥ ಸ್ಥಿತಿಯಲ್ಲಿರೋರು ಒಂದು ಡಜನ್ ಕೊಳ್ಳಬೇಡಿ. ಎರಡು ಸಾಕು, ಒಂದು ಮೈಮೇಲೆ ಒಂದು ಬಿಸಿಲಲ್ಲಿ. ಕೆಳಗಿನ ಸುತ್ತಳತೆ ಒಂದು ಸೈಜು ದೊಡ್ಡದೇ ತಗೊಳ್ಳಿ. ಹುಕ್ಕಿನ ಪಟ್ಟಿ ಉದ್ದ ಮಾಡುವ ಎಕ್ಸ್‌ಟೆಂಡರ್ ಅನ್ನೋ ತುಂಡು ಫ್ಯಾನ್ಸಿ ಸ್ಟೋರಿನಲ್ಲೂ ಸಿಗುತ್ತೆ, ಹಿಂದೆ ಹುಕ್ಕಿರೋ ಹಳೇದನ್ನ ಆಮೇಲೆ ಹಾಕುವಾಗ ಅನುಕೂಲಕ್ಕೆ ಬರುತ್ತೆ.)

ಅವಳಿಗೆ ಮುಂದೆ ರೇಡಿಯೇಷನ್ ಇತ್ತು. ಈಗ ಬಹಳ ಕಡೆ 3 ವಾರ, 15 ಸಿಟ್ಟಿಂಗ್. ಕೊನೆಕೊನೆಗೆ ಚರ್ಮ ಕೆಂಡದ ಹತ್ತಿರ ಕೂತಂಗೆ ಕೆಂಪಾಗುತ್ತೆ, ಸ್ತನದ ಕೆಳಗಿನ ಮಡಿಕೆಯಲ್ಲಿ ಸುಲಿಯೋದೂ ಉಂಟು. ಆ ದಿನಗಳಲ್ಲಿ ಅತಿ ಮೆತ್ತನೆಯ ಹತ್ತಿ, ಇಲ್ಲಾ ಏನೂ ಬೇಡ. ಏನೂ ಹಾಕದೆ ಸಡಿಲ ಜುಬ್ಬಾ ತೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರಬೇಕು ಅಂದ್ರೆ ಮನೆಯಿಂದ ಕೆಲಸ ಮಾಡೋಕೆ ಬಿಡಬೇಕು. ಅವಳ ಮ್ಯಾನೇಜರಿಗೆ ವಾರಕ್ಕೆ 3 ದಿನ ಆಫೀಸಿನ ಲೆಕ್ಕ ತಪ್ಪಬಾರದಿತ್ತು. ಭುಜದ ಮೇಲೆ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ, ಎದೆ ಮೇಲೆ ಕ್ಯಾಬಿನ ಸೀಟ್ ಬೆಲ್ಟು, ಅದರ ಮೇಲೆ ಐಡಿ ಕಾರ್ಡು. ಆ ಕಾರ್ಡಿನ ದಾರಕ್ಕೆ ಗುಲಾಬಿ ರಿಬ್ಬನ್ನೂ ಇತ್ತು.

ಈ ಮೌನ ನಮ್ಮದೊಂದೇ ದೇಶದ್ದು ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲೂ ಇದನ್ನ ಜಗಳ ಆಡಿಯೇ ಮುರಿದಿದ್ದು. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಅನ್ನುವ ಹೆಂಗಸಿಗೆ 1952ರಲ್ಲಿ ಸ್ತನ ತೆಗೆದರು. ಕೈ ಹೇಗೆ ಆಡಿಸಬೇಕು, ಏನು ತೊಡಬೇಕು ಅಂತ ಒಬ್ಬರೂ ಹೇಳಲಿಲ್ಲ ಅನ್ನೋ ಸಿಟ್ಟಿಗೆ ಆಕೆ ತಾನೇ ಆಸ್ಪತ್ರೆಗಳಿಗೆ ಹೋಗಿ, ಆಪರೇಷನ್ ಆದವರ ಹಾಸಿಗೆ ಪಕ್ಕ ಕೂತು, ವ್ಯಾಯಾಮಕ್ಕೆ ರಬ್ಬರ್ ಚೆಂಡು, ಹಗ್ಗ, ಬ್ರಾ ಒಳಗೆ ಇಡೋಕೆ ತಾತ್ಕಾಲಿಕ ಪ್ಯಾಡು ಕೊಟ್ಟು ಬರ್ತಿದ್ದರು. ಕೆಲವು ಸರ್ಜನ್‌ಗಳಿಗೆ ಮೈ ಉರಿಯಿತು, ಕೆಲವು ಕಡೆ ಆಕೆಯನ್ನ ಒಳಗೆ ಬಿಡಲಿಲ್ಲ. ‘ರೀಚ್ ಟು ರಿಕವರಿ’ ಅನ್ನುವ ಆ ಕೆಲಸವನ್ನ 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ತನ್ನದು ಮಾಡಿಕೊಂಡಿತು. ಬಾರ್ಬಿ ಗೊಂಬೆ ಸೃಷ್ಟಿಸಿದ ರೂತ್ ಹ್ಯಾಂಡ್ಲರ್ ಕಥೆಯೂ ಅಂಥದ್ದೇ. 1970ರಲ್ಲಿ ಸ್ತನ ತೆಗೆಸಿಕೊಂಡು, ಅಂಗಡಿಯಲ್ಲಿ ಸಿಕ್ಕ ಕೃತಕ ಸ್ತನ ನೋಡಿ ರೇಗಿ, ತಾನೇ ಕಂಪನಿ ಮಾಡಿ ‘ನಿಯರ್ಲಿ ಮಿ’ ಅಂತ ಹೊಸದನ್ನ ತಯಾರಿಸಿದಾಕೆ.

ಆದರೆ ಆ ಕಥೆಗೆ ಇನ್ನೊಂದು ಮುಖ ಇದೆ, ನನಗೆ ಅದೇ ಮುಖ್ಯ. ಕವಿ ಆಡ್ರಿ ಲಾರ್ಡ್‌ಗೆ 1978ರಲ್ಲಿ ಆಪರೇಷನ್ ಆಯ್ತು. ಸ್ವಯಂಸೇವಕಿ ತಂದುಕೊಟ್ಟ ಉಣ್ಣೆಯ ಪ್ಯಾಡು ಬೇಡ ಅನ್ನಿಸಿ, ಹಾಗೇ ಡಾಕ್ಟರ ಹತ್ತಿರ ಹೋದರು. ಅಲ್ಲಿನ ನರ್ಸು, ಪ್ಯಾಡು ಹಾಕ್ಕೊಂಡು ಬನ್ನಿ, ಇಲ್ಲದಿದ್ದರೆ ಇಲ್ಲಿನ ಬೇರೆಯವರ ಮನಸ್ಸಿಗೆ ಕಷ್ಟ ಆಗುತ್ತೆ ಅನ್ನುವ ಅರ್ಥದಲ್ಲಿ ಗದರಿದರಂತೆ. 1980ರಲ್ಲಿ ಬಂದ ‘ದಿ ಕ್ಯಾನ್ಸರ್ ಜರ್ನಲ್ಸ್’ ಪುಸ್ತಕದಲ್ಲಿ ಲಾರ್ಡ್ ಇದನ್ನ ಬರೆದಿದ್ದಾರೆ. ಗಾಯ ಇವರದ್ದು, ಕಷ್ಟ ನೋಡುವವರಿಗೆ!

ನಮ್ಮ ಮನೆಗಳಲ್ಲೂ ನಡೆಯೋದು ಇದೇ. ಇಷ್ಟು ಹೊತ್ತು ಏನೂ ಮಾತಾಡದೆ ಇದ್ದ ನೆಂಟರು, ಆಪರೇಷನ್ ಆಗಿ ತಿಂಗಳಿಗೆ ಒಂದು ಮದುವೆ ಬಂತು ಅಂದ್ರೆ ಎಚ್ಚರ ಆಗ್ತಾರೆ. ‘ಒಂದು ಕಡೆ ಚಪ್ಪಟೆ ಕಾಣುತ್ತೆ, ಏನಾದ್ರೂ ತುರುಕಿಸಿ ಕರ್ಕೊಂಡ್ ಬನ್ನಿ.’ ಅಲ್ಲಿಗೆ ಬಟ್ಟೆಯ ಉದ್ದೇಶವೇ ಬದಲಾಗಿಹೋಯ್ತು. ಹಾಕ್ಕೊಳ್ಳುವವಳ ಹಿತಕ್ಕೆ ಇರಬೇಕಾದದ್ದು ನೋಡುವವರ ಸಮಾಧಾನಕ್ಕೆ ಅಂತ ಆಯ್ತು. ಕೃತಕ ಸ್ತನ ಬೇಡ ಅಂತ ನಾನು ಹೇಳ್ತಿಲ್ಲ. ಇಷ್ಟ ಇರುವವರು ಖಂಡಿತ ಹಾಕಲಿ, ಒಂದು ಕಡೆ ಭಾರ ಒಂದು ಕಡೆ ಖಾಲಿ ಇದ್ದಾಗ ಬೆನ್ನು ಭುಜಕ್ಕೆ ಅದರಿಂದ ಸಮತೋಲವೂ ಸಿಗುತ್ತೆ. ಆದರೆ ಅದಕ್ಕೆ ಅದರದ್ದೇ ಸಮಯ ಇದೆ. ಗಾಯ ಪೂರ್ತಿ ಮಾಗಿ, ಸಾಮಾನ್ಯವಾಗಿ 6ರಿಂದ 8 ವಾರ ಆದ ಮೇಲೆ ಸಿಲಿಕೋನಿನ ಭಾರದ್ದು. ಅಲ್ಲಿಯವರೆಗೆ ಹತ್ತಿಯದೋ ಸ್ಪಂಜಿನದೋ ಹಗುರದ್ದು ಸಾಕು. ಸಿಲಿಕೋನಿನದ್ದಕ್ಕೆ ಸಾವಿರಾರು ರೂಪಾಯಿ ಕೊಡಬೇಕು, ಆದರೆ ಹತ್ತಿ ನೂಲಿನಲ್ಲಿ ಹೆಣೆದ ‘ನಿಟೆಡ್ ನಾಕರ್ಸ್’ ಅನ್ನೋದನ್ನ ಭಾರತದಲ್ಲೂ ಸ್ವಯಂಸೇವಕಿಯರು ಹೆಣೆದು ಕಾಸು ತಗೊಳ್ಳದೆ ಕೊಡ್ತಾರೆ. ಇದನ್ನೂ ಆಸ್ಪತ್ರೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ. ಏನೂ ಬೇಡ, ಚಪ್ಪಟೆಯಾಗೇ ಇರ್ತೀನಿ ಅನ್ನುವವಳಿಗೆ ಅದೂ ಸರಿ. ದೊಡ್ಡಮ್ಮ ಮದುವೆಗೆ ಸೆರಗು ಹೊದ್ದು ಹೋದಳು, ಜೇಬಿನಲ್ಲಿ ಹತ್ತಿ ಇಡಲಿಲ್ಲ. ಸೆಕೆ ಅಂದಳು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳ್ತೀನಿ, ಅದು ಇನ್ನೊಂದು ಲೇಖನಕ್ಕಾಗುವಷ್ಟಿದೆ. ಅಮೆರಿಕದಲ್ಲಿ 1998ರ ಒಂದು ಕಾನೂನು, ಸ್ತನ ತೆಗೆಯುವ ಆಪರೇಷನ್ನಿಗೆ ದುಡ್ಡು ಕೊಡುವ ವಿಮಾ ಪಾಲಿಸಿಗಳು ಮರುರಚನೆಯ ಜೊತೆಗೆ ಕೃತಕ ಸ್ತನದ ಖರ್ಚನ್ನೂ ಭರಿಸಬೇಕು ಅನ್ನುತ್ತೆ. ಬ್ರಿಟನ್ನಿನ ಎನ್.ಎಚ್.ಎಸ್. ಕೃತಕ ಸ್ತನವನ್ನ ಉಚಿತವಾಗಿ ಕೊಡುತ್ತೆ. ನಮ್ಮ ವಿಮೆಯವರು ದುಡ್ಡು ಕೊಡದ ಸಾಮಾನುಗಳ ಪಟ್ಟಿ ತೆಗೆದು ನೋಡಿ: ಬಡ್ಸು, ಕ್ಯಾರಿ ಬ್ಯಾಗು, ಮಿನರಲ್ ವಾಟರು, ಸ್ಯಾನಿಟರಿ ಪ್ಯಾಡು, ಬೆಲ್ಟು. ಎಲ್ಲ ಒಂದೇ ಸಾಲಿನಲ್ಲಿ. ಲಕ್ಷಗಟ್ಟಲೆ ಆಪರೇಷನ್ ಬಿಲ್ಲು ಪಾಸ್ ಮಾಡುವ ಕಂಪನಿಗೆ ಕೆಲವು ನೂರು ರೂಪಾಯಿಯ ಗಾಯದ ಬಟ್ಟೆ ಸೋಪು ಬಾಚಣಿಗೆಯ ಲೆಕ್ಕ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ‘ಅಲ್ಲಮ್ಮಾ, ಡಾಕ್ಟರುಗಳು ಜೀವ ಉಳಿಸೋದ್ರಲ್ಲಿ ಇದ್ದಾರೆ, ನೀನು ಬ್ರಾ ಅಂತೀಯಲ್ಲ. ಕಿದ್ವಾಯಿ ಆಸ್ಪತ್ರೆಯ ಮುಂದಿನ ಸಾಲು ನೋಡಿದ್ದೀಯಾ?’ ನೋಡಿದ್ದೀನಿ. ರಾಜ್ಯದ ಮೂಲೆಮೂಲೆಯಿಂದ ಚೀಲ ಹೊತ್ತು ಬಂದು ಕೂತವರನ್ನ ನೋಡಿದ್ದೀನಿ. ಅವರಲ್ಲಿ ಎಷ್ಟೋ ಜನ ನನ್ನ ದೊಡ್ಡಮ್ಮನ ಥರದವರೇ, ಬಾಡಿ ಹಾಕದವರು, ಕೇಳೋಕೆ ನಾಚುವವರು. ಸಾಲು ಉದ್ದ ಇರೋದ್ರಿಂದಲೇ ಇದು ಬರವಣಿಗೆಯಲ್ಲಿ ಇರಬೇಕು ಅಂತ ನಾನು ಹೇಳ್ತಿರೋದು. ಕೂತು ವಿವರಿಸೋಕೆ ಸಮಯ ಇಲ್ಲದ ಕಡೆ ಕಾಗದವೇ ಮಾತಾಡಬೇಕು. ಇನ್ನು ಜೀವದ ಮಾತು. ಬಟ್ಟೆ ಚುಚ್ಚುತ್ತೆ ಅಂತ ಕೈಯನ್ನ ಮೈಗೆ ಒತ್ತಿ ಹಿಡಿದುಕೊಂಡೇ ಕೂತವಳ ಭುಜ ಬಿಗಿಯುತ್ತೆ, ಹೇಳಿಕೊಟ್ಟ ವ್ಯಾಯಾಮ ನಿಂತುಹೋಗುತ್ತೆ. ಅವಮಾನ ಆಗುತ್ತೆ ಅಂತ ಮನೆಯಿಂದ ಹೊರಗೆ ಬರದವಳು ಗುಣವಾಗಿದ್ದಾಳೆ ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ?

ಕೆಲವು ಆಸ್ಪತ್ರೆಗಳಲ್ಲಿ ಬ್ರೆಸ್ಟ್ ಕೇರ್ ನರ್ಸ್ ಅಂತಲೇ ಇರ್ತಾರೆ, ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿಕೊಡ್ತಾರೆ. ಅಂದ ಮೇಲೆ ಇದು ಆಗದ ಕೆಲಸ ಅಲ್ಲ. ಡಿಸ್ಚಾರ್ಜ್ ಶೀಟು ಕಂಪ್ಯೂಟರಿನ ಒಂದು ಟೆಂಪ್ಲೇಟಿನಿಂದ ಬರುತ್ತೆ. ಟೆಂಪ್ಲೇಟಿಗೆ ಒಂದು ಫೀಲ್ಡ್ ಸೇರಿಸೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು, ನಾನು ಅದೇ ಕೆಲಸದಲ್ಲಿ ಅನ್ನ ತಿನ್ನೋದು. ಒಂದು ಮಧ್ಯಾಹ್ನ ಸಾಕು, ಊಟದ ಬ್ರೇಕ್ ಸೇರಿಸಿ.

ನೀವು ಮಾಡಬಹುದಾದ್ದು ಇಷ್ಟಿದೆ. ಅಮ್ಮನಿಗೋ ಅಕ್ಕನಿಗೋ ಹೆಂಡತಿಗೋ ನಿಮಗೇನೋ, ಆಪರೇಷನ್ ದಿನ ಗೊತ್ತಾದ ಕೂಡಲೇ, ಅಡ್ಮಿಟ್ ಆಗೋದಕ್ಕೆ ಮುಂಚಿನ ಭೇಟಿಯಲ್ಲೇ ಕೇಳಿ. ಮುಂದೆ ತೆರೆಯುವಂಥದ್ದೇ ತರಬೇಕಾ, ಬಿಗಿ ಇರಬೇಕಾ ಸಡಿಲ ಇರಬೇಕಾ, ರಾತ್ರಿ ಹಾಕಬೇಕಾ, ಎಷ್ಟು ವಾರ, ಡ್ರೈನ್ ಡಬ್ಬಿ ಎಲ್ಲಿ ಕಟ್ಟೋದು, ಪ್ಯಾಡು ಯಾವಾಗಿನಿಂದ. ಗಂಡಸರೇ, ನೀವೇ ಕೇಳಿ, ಬ್ರಾ ಅನ್ನೋ ಶಬ್ದವನ್ನ ಜೋರಾಗಿಯೇ ಹೇಳಿ, ಬಾಯಿಗೇನೂ ಆಗಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರೆದುಕೊಡಿ ಅನ್ನಿ. ‘ಅದನ್ನೆಲ್ಲ ಬರೆಯಲ್ಲ’ ಅಂದರೆ, ಸೊಂಟದ ಬೆಲ್ಟಿಗೆ ಬರೀತೀರಲ್ಲ, ಇದಕ್ಕೆ ಯಾಕಿಲ್ಲ ಅಂತ ಕೇಳಿ. ಉತ್ತರ ಬರುವ ತನಕ ಆ ಕುರ್ಚಿ ಬಿಟ್ಟು ಏಳಬೇಡಿ.